ಮದುವೆಗೆ ಬಾರದವರ ಉಪಕಾರ

ಮಂಗಳೂರು, ಉಡುಪಿ ಕಡೆ ಮದುವೆಗೆ ಕರೆಯುವುದಕ್ಕೆ ‘ಹೇಳಿಕೆ’ ಎಂಬ ಮಾತಿದೆ. ಕಾಗದವನ್ನು ಅಂಚೆಗೆ ಹಾಕಿದರೆ ಅದು ಹೇಳಿಕೆಯಾಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರಂತೂ ಲೆಕ್ಕಕ್ಕೇ ಇಲ್ಲ. ಗಂಡ ಹೆಂಡತಿ ಇಬ್ಬರೂ ಮನೆಗೆ ಬಂದು, ಜಗಲಿಯಲ್ಲಿ ಕುಳಿತು, ಒಂದು ಲೋಟ ಶರಬತ್ತು ಕುಡಿದು, ಕಾಗದವನ್ನು ಕೈಗೇ ಕೊಟ್ಟು ‘ಎಲ್ಲರೂ ಬರಬೇಕು’ ಎಂದು ಹೇಳಿ ಹೋದ ಮೇಲೆ ಆ ಮದುವೆ ನಮ್ಮ ತಲೆಯ ಮೇಲೆ ಸಾಲದಂತೆ ಕುಳಿತಿರುತ್ತದೆ. ಹೋಗದಿದ್ದರೆ ಕಾರಣ ಕೇಳುತ್ತಾರೆ. ಜ್ವರವಿತ್ತು ಎಂದರೆ ‘ಧಾರೆಯ ಹೊತ್ತಿಗೆ ಒಮ್ಮೆ ಮುಖ ತೋರಿಸಿ ಹೋಗಬಹುದಿತ್ತಲ್ಲ’ ಎನ್ನುತ್ತಾರೆ.

ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ಮದುವೆ. ಹಿಂದಿನ ರಾತ್ರಿಯಿಡೀ ಜ್ವರದಲ್ಲಿ ನರಳಿದ್ದ ನನ್ನ ಭಾವ ಬೆಳಿಗ್ಗೆ ಒಂದು ಪ್ಯಾರಾಸಿಟಮಾಲ್ ನುಂಗಿ, ಶಲ್ಯ ಹೊದ್ದು, ಧಾರೆಗೆ ಸರಿಯಾಗಿ ಸಭಾಭವನ ತಲುಪಿದರು. ಎ.ಸಿ. ಹಾಲ್, ಕಿಟಕಿ ಬಾಗಿಲು ಎಲ್ಲ ಮುಚ್ಚಿದ್ದವು. ಮುಂದಿನ ಸಾಲಿನಲ್ಲಿ ಇಬ್ಬರು ದೊಡ್ಡಮ್ಮಂದಿರ ನಡುವೆ ಕುರ್ಚಿ ಎಳೆದುಕೊಂಡು ಕುಳಿತರು, ಊರಿನ ಸುದ್ದಿಯೆಲ್ಲ ಮಾತನಾಡಿದರು, ವಧೂವರರಿಗೆ ಸೇಸೆ ಹಾಕಿದರು, ಪಂಕ್ತಿಯಲ್ಲಿ ಕುಳಿತು ಉಂಡರು. ಐದನೆಯ ದಿನ ದೊಡ್ಡಮ್ಮಂದಿರಲ್ಲಿ ಒಬ್ಬರು ನ್ಯುಮೋನಿಯಾ ಎಂದು ಆಸ್ಪತ್ರೆ ಸೇರಿದರು. ಭಾವನಿಂದಲೇ ಬಂತೆಂದು ಸಾಬೀತುಪಡಿಸಲು ನನ್ನಲ್ಲಿ ಏನೂ ಇಲ್ಲ. ಅಷ್ಟು ಜನರ ನಡುವೆ ಅಂದು ಕೆಮ್ಮಿದವರು ಅವರೊಬ್ಬರೇ ಆಗಿರಲಿಲ್ಲ. ಅವರು ಬೇಜವಾಬ್ದಾರಿಯ ಮನುಷ್ಯರೂ ಅಲ್ಲ. ಹೋಗದಿದ್ದರೆ ತಪ್ಪಾಗುತ್ತದೆ ಎಂದೇ ಮೈಕೈ ನೋವನ್ನು ಸಹಿಸಿಕೊಂಡು ಬಂದಿದ್ದರು.

ಸಾಂಕ್ರಾಮಿಕ ವೈರಸ್ಸನ್ನು ತಡೆಯಲು ಜನಸಾಮಾನ್ಯರು ಏನು ಮಾಡಬೇಕು ಎಂಬ ಪಟ್ಟಿ ಎಲ್ಲರಿಗೂ ಬಾಯಿಪಾಠವಾಗಿದೆ. 2020ರಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಒಂದು ಕೆಮ್ಮು, ಆಮೇಲೆ ಕೈ ತೊಳೆಯುವ ಪಾಠ ಕೇಳಿಸುತ್ತಿತ್ತು. ಆ ಪಟ್ಟಿ ಗೊತ್ತಿಲ್ಲದೆ ಯಾರೂ ತಪ್ಪುತ್ತಿಲ್ಲ. ಕಾಯಿಲೆ ಬಿದ್ದವರು ನಾಲ್ಕು ದಿನ ಜನರಿಂದ ದೂರ ಉಳಿಯುವುದಕ್ಕೆ ಒಂದು ಬೆಲೆ ಇದೆ: ನೆಂಟರ ಮುನಿಸು, ಹೋದ ದಿನಗೂಲಿ, ಊರಿನವರ ಪಿಸುಮಾತು. ಅದನ್ನು ಅವರೊಬ್ಬರೇ ತೆರಬೇಕು ಎಂದು ನಾವೆಲ್ಲ ಸೇರಿ ತೀರ್ಮಾನಿಸಿದ್ದೇವೆ. ರೋಗಿಯ ಕರ್ತವ್ಯದ ಬಗ್ಗೆ ಸಾಕಷ್ಟು ಹೇಳಿಯಾಗಿದೆ. ರೋಗಿಯಲ್ಲದವರು, ಅಂದರೆ ಕರೆಯುವವರು, ಕೆಲಸ ಕೊಡುವವರು, ನೆರೆಮನೆಯವರು ಏನು ಮಾಡಬಹುದು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಮಳೆ ಶುರುವಾದರೆ ಕರಾವಳಿಯಲ್ಲಿ ಎಲ್ಲದಕ್ಕೂ ‘ಜ್ವರ’ ಎಂಬ ಒಂದೇ ಹೆಸರು. ಡೆಂಗಿ, ಮಲೇರಿಯಾ ಸೊಳ್ಳೆಯಿಂದ ಬರುತ್ತವೆ. ಇಲಿಜ್ವರ ಇಲಿಯ ಮೂತ್ರ ಬೆರೆತ ನೀರಿನಿಂದ. ಮಲೇರಿಯಾ, ಇಲಿಜ್ವರಗಳಿಗೆ ಕಾರಣ ವೈರಸ್ ಕೂಡ ಅಲ್ಲ. ಡೆಂಗಿ ಬಂದವರ ಪಕ್ಕದಲ್ಲಿ ಕುಳಿತರೆ ಡೆಂಗಿ ಬರುವುದಿಲ್ಲ. ಅಲ್ಲಿ ಬೇಕಾದದ್ದು ಸೊಳ್ಳೆಪರದೆ, ತಾರಸಿಯ ಮೇಲೆ ನಿಂತ ನೀರನ್ನು ಚೆಲ್ಲುವ ಕೈ. ನಾನು ಹೇಳುತ್ತಿರುವುದು ಮನುಷ್ಯನಿಂದ ಮನುಷ್ಯನಿಗೆ ದಾಟುವ ವೈರಸ್‌ಗಳ ಮಾತು: ಇನ್‌ಫ್ಲುಯೆನ್ಝಾ ಅಂದರೆ ಫ್ಲೂ (ಎಚ್1ಎನ್1, ಎಚ್3ಎನ್2 ಎಂದು ಪತ್ರಿಕೆಗಳಲ್ಲಿ ಬರುವವು), ಕೋವಿಡ್, ದಡಾರ, ಮತ್ತು ಅಪರೂಪಕ್ಕೆ ದಕ್ಷಿಣದಿಂದ ಸುದ್ದಿಯಾಗಿ ಬರುವ ನಿಪಾ.

ಇವುಗಳ ಲೆಕ್ಕ ಸುಲಭ, ಸ್ವಲ್ಪ ಆಶ್ಚರ್ಯದ್ದೂ ಹೌದು. ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಮಂದಿಗೆ ಸೋಂಕು ದಾಟುತ್ತದೆ ಎಂಬ ಸಂಖ್ಯೆಯನ್ನು ತಜ್ಞರು ಇಟ್ಟುಕೊಳ್ಳುತ್ತಾರೆ. ಪ್ರತಿವರ್ಷದ ಫ್ಲೂಗೆ ಅದು ಸುಮಾರು 1.3. ಕೋವಿಡ್‌ನ ಮೊದಲ ತಳಿಗೆ 2ರಿಂದ 3. ದಡಾರಕ್ಕೆ 12ರಿಂದ 18. ಈ ಸಂಖ್ಯೆ ಒಂದಕ್ಕಿಂತ ಮೇಲಿದ್ದರೆ ರೋಗ ಬೆಳೆಯುತ್ತದೆ, ಒಂದಕ್ಕಿಂತ ಕೆಳಗಿಳಿದರೆ ತಾನಾಗಿ ಆರುತ್ತದೆ. ಫ್ಲೂ ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಸುಮಾರು ಮೂರು ದಿನ ಸಾಕು. ತಿಂಗಳಿಗೆ ಹತ್ತು ಸುತ್ತು. ಇಂದು ನೂರು ಮಂದಿಗೆ ಫ್ಲೂ ಇದೆ ಎಂದುಕೊಳ್ಳಿ. 1.3ರ ಗತಿಯಲ್ಲಿ ಹತ್ತನೆಯ ಸುತ್ತಿಗೆ ಹೊಸ ರೋಗಿಗಳು ಸುಮಾರು 1,380. ಈಗ ಹರಡುವಿಕೆಯಲ್ಲಿ ನಾಲ್ಕರಲ್ಲಿ ಒಂದು ಭಾಗವನ್ನು ಮಾತ್ರ ತಪ್ಪಿಸೋಣ. ಸಂಖ್ಯೆ 0.975ಕ್ಕೆ ಇಳಿಯುತ್ತದೆ, ಹತ್ತನೆಯ ಸುತ್ತಿಗೆ ಹೊಸ ರೋಗಿಗಳು 78.

ನಾಲ್ಕರಲ್ಲಿ ಮೂರನ್ನು ತಡೆಯಬೇಕಾಗಿಲ್ಲ, ಒಂದನ್ನು ತಡೆದರೆ ಸಾಕು. ‘ನಾನೊಬ್ಬ ಮನೆಯಲ್ಲಿ ಉಳಿದರೆ ಏನಾಗುತ್ತದೆ, ಉಳಿದವರೆಲ್ಲ ಓಡಾಡುತ್ತಿದ್ದಾರಲ್ಲ’ ಎಂಬ ಮಾತಿಗೆ ಉತ್ತರ ಇಲ್ಲೇ ಇದೆ. ಎಲ್ಲರೂ ಶಿಸ್ತಿನಿಂದ ಇರಬೇಕೆಂಬ ಷರತ್ತನ್ನು ಫ್ಲೂ ಹಾಕುವುದಿಲ್ಲ. ಹಾಗೆಂದು ಇದೇ ಲೆಕ್ಕವನ್ನು ದಡಾರಕ್ಕೆ ಹಚ್ಚಿದರೆ ಕೈ ಸುಟ್ಟುಕೊಳ್ಳುತ್ತೇವೆ. ದಡಾರದ ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ವೈರಸ್ ಉಳಿದಿರಬಲ್ಲದು. ಅದಕ್ಕೆ ದೂರ ಕುಳಿತುಕೊಳ್ಳುವುದು ಮದ್ದಲ್ಲ, ಲಸಿಕೆಯೇ ಮದ್ದು. ನೂರರಲ್ಲಿ 95 ಮಕ್ಕಳಿಗೆ ಎರಡೂ ಡೋಸ್ ಸಿಕ್ಕಿರಬೇಕು: ಮೊದಲನೆಯದು 9ರಿಂದ 12 ತಿಂಗಳೊಳಗೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡೂ ಉಚಿತ. ತಾಯಿ ಕಾರ್ಡನ್ನು ತೆಗೆದು ಎರಡನೆಯ ಡೋಸಿನ ಚೌಕ ಖಾಲಿ ಇದೆಯೇ ಎಂದು ನೋಡುವುದಕ್ಕೆ ಎರಡು ನಿಮಿಷ ಬೇಕು. ಮೊದಲ ಡೋಸಿಗೆ ಇದ್ದ ಉತ್ಸಾಹ ಎರಡನೆಯದಕ್ಕೆ ಇರುವುದಿಲ್ಲ ಎಂಬುದು ಮನೆಮನೆಯ ಅನುಭವ.

ಸರಾಸರಿ ಎಂಬುದು ಇನ್ನೊಂದು ಸಂಗತಿಯನ್ನು ಮುಚ್ಚಿಡುತ್ತದೆ. ಇಂಥ ಹಲವು ವೈರಸ್‌ಗಳಲ್ಲಿ ಹೆಚ್ಚಿನ ರೋಗಿಗಳು ಯಾರಿಗೂ ದಾಟಿಸುವುದಿಲ್ಲ. ಕೆಲವೇ ಮಂದಿ ಒಂದೇ ಸಂದರ್ಭದಲ್ಲಿ ಹತ್ತಾರು ಜನರಿಗೆ ದಾಟಿಸುತ್ತಾರೆ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಎಂಬಲ್ಲಿ 61 ಮಂದಿ ಎರಡೂವರೆ ಗಂಟೆ ಒಟ್ಟಿಗೆ ಹಾಡಿನ ಅಭ್ಯಾಸ ಮಾಡಿದರು. ಅವರಲ್ಲಿ ಒಬ್ಬರಿಗೆ ನೆಗಡಿಯಂಥ ಲಕ್ಷಣವಿತ್ತು. 53 ಮಂದಿಗೆ ಕೋವಿಡ್ ಬಂದಿತೆಂದು ಆಮೇಲೆ ಲೆಕ್ಕ ಹಾಕಲಾಯಿತು, ಇಬ್ಬರು ತೀರಿಕೊಂಡರು. ನಮ್ಮ ಭಜನಾ ಮಂದಿರಗಳ ಶನಿವಾರದ ಸಂಜೆಯನ್ನು ನೆನೆದರೆ ಸಾಕು, ಈ ಘಟನೆ ದೂರದ್ದೆನಿಸುವುದಿಲ್ಲ. ಗಟ್ಟಿಯಾಗಿ ಹಾಡುವಾಗ ಬಾಯಿಂದ ಹೊರಡುವ ಸಣ್ಣ ಹನಿಗಳು ಮಾತಿನಲ್ಲಿ ಹೊರಡುವುದಕ್ಕಿಂತ ಎಷ್ಟೋ ಹೆಚ್ಚು.

ಇನ್ನೂ ಹತ್ತಿರದ ಉದಾಹರಣೆ ಕೇರಳದ ಕೋಯಿಕ್ಕೋಡಿನದು, ಅದರ ಒಂದು ಕೊನೆ ನಮ್ಮ ಉಡುಪಿ ಜಿಲ್ಲೆಯಲ್ಲೇ ಇದೆ. 2018ರ ಮೇ ತಿಂಗಳಲ್ಲಿ ಅಲ್ಲಿನ ಒಂದೇ ಮನೆಯವರು ಒಬ್ಬರ ಹಿಂದೊಬ್ಬರು ಮಿದುಳುಜ್ವರದಿಂದ ಸಾಯತೊಡಗಿದಾಗ ವೈದ್ಯರಿಗೆ ಅನುಮಾನ ಬಂದು ಮಾದರಿಗಳನ್ನು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳುಹಿಸಿದರು. ನಿಪಾ ಎಂದು ಮೊದಲು ಗುರುತಿಸಿದ್ದು ಮಣಿಪಾಲ. ಅದನ್ನು ದೃಢಪಡಿಸಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. ಪ್ರಯೋಗಾಲಯದಲ್ಲಿ ದೃಢಪಟ್ಟ 18 ಪ್ರಕರಣಗಳೂ ಸೇರಿ ಒಟ್ಟು 23 ಮಂದಿಗೆ ರೋಗ ತಗಲಿತ್ತು, ಬದುಕಿ ಉಳಿದವರು ಇಬ್ಬರು. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ದಾದಿ ಲಿನಿ ರೋಗಿಯ ಆರೈಕೆ ಮಾಡಿ ತಾವೇ ಬಲಿಯಾದರು.

ಬಾವಲಿಯಿಂದ ಬಂದ ರೋಗವೆಂದು ಆಗ ಕರಾವಳಿಯ ನಾವೆಲ್ಲ ಮಾವಿನ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದೆವು. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದೆಂಬುದು ಸರಿಯೇ. ಆದರೆ ಹಣ್ಣಿನ ಭಯದಲ್ಲಿ ನಾವು ಕೇಳಿಸಿಕೊಳ್ಳದ ಪಾಠ ಬೇರೆಯಿತ್ತು. ಮೊದಲ ರೋಗಿಯ ನಂತರದವರಿಗೆ ಹೆಚ್ಚಾಗಿ ರೋಗ ಹರಡಿದ್ದು ಆಸ್ಪತ್ರೆಗಳಲ್ಲಿ. ಅದೇ ವಾರ್ಡಿನಲ್ಲಿದ್ದ ಬೇರೆ ರೋಗಿಗಳು, ಅವರ ಜೊತೆಗಿದ್ದವರು, ಕೆಮ್ಮುತ್ತಿದ್ದ ರೋಗಿಯನ್ನು ಸ್ಕ್ಯಾನಿಂಗ್‌ಗೆ ಕಾಯಿಸಿದ ಕಾರಿಡಾರಿನಲ್ಲಿ ಸುಮ್ಮನೆ ನಿಂತಿದ್ದವರು. ಸೋಂಕು ತಗಲಿದ ಹೆಚ್ಚಿನವರು ಮತ್ತೊಬ್ಬರಿಗೆ ದಾಟಿಸಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಮಂದಿ ಸಂಪರ್ಕಕ್ಕೆ ಬಂದವರೆಂದು ಪಟ್ಟಿಯಾಗಿ, ದಿನಗಟ್ಟಲೆ ಮನೆಯಲ್ಲೇ ಉಳಿದು, ಫೋನ್ ಮಾಡಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಔಷಧಿಯೂ ಲಸಿಕೆಯೂ ಇಲ್ಲದ ರೋಗ ಎರಡು ತಿಂಗಳೊಳಗೆ ನಿಂತದ್ದರಲ್ಲಿ ಈ ಹೆಸರಿಲ್ಲದ ಎರಡು ಸಾವಿರ ಮಂದಿಯ ಪಾಲು ದೊಡ್ಡದು.

ನಮ್ಮ ಆಸ್ಪತ್ರೆಗಳ ಸಂಜೆಯ ನಾಲ್ಕು ಗಂಟೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಂಗಳೂರು ಮೆಡಿಕಲ್ ಕಾಲೇಜುಗಳ ಊರು. ಉತ್ತರದ ಭಟ್ಕಳ, ಹೊನ್ನಾವರದಿಂದ, ದಕ್ಷಿಣದ ಕಾಸರಗೋಡಿನಿಂದ ರೋಗಿಗಳು ಇಲ್ಲಿಗೇ ಬರುತ್ತಾರೆ. ಒಬ್ಬ ರೋಗಿಯ ಹಿಂದೆ ನೋಡಲು ಬರುವವರು ಹತ್ತು ಮಂದಿ. ಒಂದು ಕಿಲೋ ಮುಸಂಬಿ, ಒಂದು ಬ್ರೆಡ್, ಎರಡು ಎಳನೀರು ಹಿಡಿದು ಲಿಫ್ಟಿನಲ್ಲಿ ಒತ್ತಿಕೊಂಡು ಹೋಗಿ, ಮಂಚದ ಅಂಚಿನಲ್ಲೇ ಕುಳಿತು, ‘ನಮ್ಮ ಪಕ್ಕದ ಮನೆಯವರಿಗೂ ಹೀಗೇ ಆಗಿತ್ತು, ಉಳಿಯಲಿಲ್ಲ’ ಎಂದು ಧೈರ್ಯ ತುಂಬಿ ಬರುತ್ತೇವೆ. ಹೋಗದಿದ್ದರೆ ‘ಆಸ್ಪತ್ರೆಯಲ್ಲಿದ್ದಾಗ ತಿರುಗಿಯೂ ನೋಡಲಿಲ್ಲ’ ಎಂಬ ಮಾತು ಇಪ್ಪತ್ತು ವರ್ಷ ಉಳಿಯುತ್ತದೆ. ವೈರಸ್ ವಾರ್ಡಿನೊಳಗೆ ಹೋಗುವುದಕ್ಕೂ ಅಲ್ಲಿಂದ ಕಾಪುವಿನ ಮನೆಗೋ ಉಪ್ಪಿನಂಗಡಿಯ ಮನೆಗೋ ಬರುವುದಕ್ಕೂ ಈ ಭೇಟಿಗಿಂತ ಒಳ್ಳೆಯ ವಾಹನ ಸಿಗಲಾರದು. ನೋಡಲು ಬರುವ ಹತ್ತು ಮಂದಿಯಲ್ಲಿ ಒಬ್ಬರು ರಾತ್ರಿ ಜೊತೆಗಿದ್ದು ಮನೆಯವರಿಗೆ ನಿದ್ದೆ ಕೊಟ್ಟರೆ, ಇನ್ನೊಬ್ಬರು ಮನೆಯ ದನಕ್ಕೆ ಹುಲ್ಲು ಹಾಕಿದರೆ, ಮಗದೊಬ್ಬರು ಬಿಲ್ಲಿಗೆ ಒಂದಿಷ್ಟು ಹಣ ಕಳುಹಿಸಿದರೆ, ಉಳಿದ ಏಳು ಮಂದಿ ಮನೆಯಲ್ಲೇ ಇದ್ದರೂ ಪ್ರೀತಿಗೆ ಕೊರತೆಯಾಗುವುದಿಲ್ಲ. ಆದರೆ ಇದನ್ನು ಹೇಳಬೇಕಾದವರು ರೋಗಿಯ ಮನೆಯವರು. ‘ಬರುವುದು ಬೇಡ, ಫೋನ್ ಮಾಡಿ ಸಾಕು’ ಎಂದು ಅವರು ಒಂದು ಸಂದೇಶ ಹಾಕಿದ ಕೂಡಲೇ ಹತ್ತು ಮನೆಗಳಲ್ಲಿ ನಿಟ್ಟುಸಿರು ಬಿಡುತ್ತಾರೆ. ಕಳೆದ ವರ್ಷ ನಮ್ಮ ಮನೆಯಿಂದ ಅಂಥ ಸಂದೇಶ ಹೋದಾಗ ಇಬ್ಬರು ಬೇಸರಿಸಿಕೊಂಡರು, ಉಳಿದವರು ಧನ್ಯವಾದ ಹೇಳಿದರು.

ಅದೇ ಪ್ಯಾರಾಸಿಟಮಾಲ್‌ಗೆ ಮತ್ತೆ ಬರುತ್ತೇನೆ, ಏಕೆಂದರೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ತಪ್ಪು ತಿಳಿದಿರುವುದು ಅದರ ಬಗ್ಗೆಯೇ. ಮಾತ್ರೆ ಇಳಿಸುವುದು ಮೈಯ ಬಿಸಿಯನ್ನು, ವೈರಸ್ಸನ್ನಲ್ಲ. ಬೆಳಿಗ್ಗೆ ಏಳು ಗಂಟೆಗೆ ಜ್ವರದ ಸಿರಪ್ ಕುಡಿಸಿ ಶಾಲಾ ವಾಹನ ಹತ್ತಿಸಿದ ಮಗು ಹನ್ನೊಂದು ಗಂಟೆಯವರೆಗೆ ಚೆನ್ನಾಗಿಯೇ ಇರುತ್ತದೆ. ಆಮೇಲೆ ಟೀಚರ್ ಫೋನ್ ಮಾಡುತ್ತಾರೆ. ಆ ನಾಲ್ಕು ಗಂಟೆಯಲ್ಲಿ ಮಗು ಬೆಂಚು, ನೀರಿನ ಬಾಟಲಿ, ಪೆನ್ಸಿಲ್ ಎಲ್ಲವನ್ನೂ ಹಂಚಿಕೊಂಡಿರುತ್ತದೆ. ಫ್ಲೂ ಬಂದವರು ಲಕ್ಷಣ ಕಾಣುವ ಒಂದು ದಿನ ಮೊದಲಿನಿಂದ, ಕಂಡ ಮೇಲೆ ಐದರಿಂದ ಏಳು ದಿನದವರೆಗೆ ಇತರರಿಗೆ ಹರಡಬಲ್ಲರು. ಮಕ್ಕಳು ಇನ್ನೂ ಹೆಚ್ಚು ದಿನ. ಮೊದಲ ಮೂರು ನಾಲ್ಕು ದಿನ ತೀವ್ರ. ಮಾತ್ರೆಯ ನೆರವಿಲ್ಲದೆ ಇಪ್ಪತ್ತನಾಲ್ಕು ಗಂಟೆ ಜ್ವರವಿಲ್ಲದಿದ್ದರೆ ಮಾತ್ರ ಶಾಲೆಗೆ, ಕಚೇರಿಗೆ ಹೊರಡುವುದು ಎಂಬ ಸೂತ್ರ ಅಲ್ಲಿಂದ ಬಂದದ್ದು.

ಮಗುವನ್ನು ಶಾಲೆಗೆ ಕಳುಹಿಸಿದ ತಾಯಿಯನ್ನು ಬೈಯುವುದು ಸುಲಭ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಗುವಿನ ಜ್ವರವೆಂದರೆ ಯಾರ ರಜೆ ಎಂಬ ಜಗಳ. ಅದರ ಮೇಲೆ, ಒಂದು ದಿನವೂ ತಪ್ಪಿಸದ ಮಕ್ಕಳಿಗೆ ವರ್ಷದ ಕೊನೆಗೆ ಪೂರ್ಣ ಹಾಜರಾತಿಯ ಬಹುಮಾನ ಕೊಡುವ ಶಾಲೆಗಳಿವೆ. ಅಂಥ ಒಂದು ಪ್ರಮಾಣಪತ್ರ ನನ್ನ ಅಲಮಾರಿಯಲ್ಲೂ ಇದೆ. ಆ ವರ್ಷ ನನಗೆ ಜ್ವರವೇ ಬಂದಿರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಈ ಬಹುಮಾನವನ್ನು ನಿಲ್ಲಿಸಲು ಒಂದು ಪೈಸೆಯೂ ಖರ್ಚಿಲ್ಲ.

ವೈದ್ಯರ ಬಳಿ ‘ನಾಳೆ ಕಾರ್ಯಕ್ರಮವಿದೆ, ಒಂದು ಇಂಜೆಕ್ಷನ್ ಕೊಟ್ಟುಬಿಡಿ’ ಎಂದು ಪೀಡಿಸುವುದರಿಂದಲೂ ಪ್ರಯೋಜನವಿಲ್ಲ. ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾಗಳ ಮದ್ದು, ವೈರಸ್ ಅದಕ್ಕೆ ಸೊಪ್ಪು ಹಾಕುವುದಿಲ್ಲ.

ಲಕ್ಷಣ ಕಾಣುವ ಮೊದಲೇ ಹರಡುತ್ತದೆ ಎಂದಾದರೆ ಕಾಯಿಲೆಯವರು ಮನೆಯಲ್ಲಿ ಉಳಿದ ಮಾತ್ರಕ್ಕೆ ಎಲ್ಲವೂ ನಿಲ್ಲುವುದಿಲ್ಲ, ನಿಜ. ಉಳಿದ ಪಾಲು ಗಾಳಿಯದು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ‘ಮಂಗಳೂರು ಹಂಚು’ ದೇಶದ ತುಂಬ ಹೆಸರಾಯಿತು. ಆ ಹಂಚಿನ ಮಾಡಿನ ಕೆಳಗೆ ಕುಳಿತವರಿಗೆ ಗೊತ್ತು: ಹಂಚುಗಳ ಸಂದಿನಲ್ಲಿ ಹೊಗೆಯೂ ಹೋಗುತ್ತದೆ, ಬಿಸಿಗಾಳಿಯೂ ಹೋಗುತ್ತದೆ. ಮನೆ ತಾನಾಗಿ ಉಸಿರಾಡುತ್ತಿತ್ತು. ಹಂಚು ಹೋಗಿ ಕಾಂಕ್ರೀಟ್ ಬಂತು, ಅದರ ಹಿಂದೆ ಎ.ಸಿ. ಬಂತು. ಸಾಮಾನ್ಯ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಇದ್ದ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಮತ್ತೆ ತಿರುಗಿಸುತ್ತದೆ. ಫ್ಯಾನ್ ಕೂಡ ಹಾಗೆಯೇ, ಕಿಟಕಿ ತೆರೆದಿಲ್ಲದಿದ್ದರೆ. ಸಣ್ಣ ಕೋಣೆಯಲ್ಲಿ ಒಬ್ಬರು ಸೇದಿದ ಬೀಡಿಯ ವಾಸನೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ಯೋಚಿಸಿದರೆ ಅವರ ಉಸಿರು ಎಷ್ಟು ಹೊತ್ತು ಉಳಿಯುತ್ತದೆ ಎಂಬುದಕ್ಕೆ ಅಂದಾಜು ಸಿಗುತ್ತದೆ.

ಮಳೆಗಾಲದ ಖಾಸಗಿ ಬಸ್ಸಿನಲ್ಲಿ ಇದರ ಪರೀಕ್ಷೆ ದಿನವೂ ನಡೆಯುತ್ತದೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಹೊರಡುವಾಗಲೇ ಟರ್ಪಾಲು ಇಳಿಬಿಟ್ಟಿರುತ್ತಾರೆ. ಸುರತ್ಕಲ್ ತಲುಪುವಷ್ಟರಲ್ಲಿ ಒಳಗೆಲ್ಲ ಒದ್ದೆ ಕೊಡೆಯ ವಾಸನೆ, ಅರವತ್ತು ಮಂದಿಯ ಉಸಿರು. ಮಳೆ ನಿಂತರೂ ಟರ್ಪಾಲು ಮೇಲೇಳುವುದಿಲ್ಲ. ಯಾರಾದರೂ ಒಬ್ಬರು ಎದ್ದು ಎರಡು ಕಡೆ ಅರ್ಧ ಎತ್ತಿ ಕಟ್ಟಿದರೆ ಅಡ್ಡಗಾಳಿ ಆಡುತ್ತದೆ. ಒಂದಿಬ್ಬರ ಭುಜ ಒದ್ದೆಯಾಗಬಹುದು. ಮಾಸ್ಕ್ ಬೇಕಾದದ್ದು ಇಲ್ಲಿ ಮತ್ತು ಆಸ್ಪತ್ರೆಯ ಕಾಯುವ ಕೋಣೆಯಲ್ಲಿ. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಹಾಕಿಕೊಂಡವರಿಗೂ ರಕ್ಷಣೆ, ಪಕ್ಕದವರಿಗೂ ರಕ್ಷಣೆ. ಕೆಮ್ಮುವವರು ತಾವೇ ಹಾಕಿಕೊಂಡರೆ ಸಾಧಾರಣ ಸರ್ಜಿಕಲ್ ಮಾಸ್ಕ್ ಕೂಡ ಕೆಲಸಕ್ಕೆ ಬರುತ್ತದೆ, ಏಕೆಂದರೆ ಹನಿಗಳು ಗಾಳಿಗೆ ಸೇರುವ ಮೊದಲೇ ಸಿಕ್ಕಿಬೀಳುತ್ತವೆ. ಗಲ್ಲಕ್ಕೆ ಹಾಕಿಕೊಂಡ ಮಾಸ್ಕಿನ ಬಗ್ಗೆ ಏನೂ ಹೇಳಬೇಕಾಗಿಲ್ಲ. ಕೈ ತೊಳೆಯುವುದು ಹಳೆಯ ಮಾತಾದರೂ ಸುಳ್ಳಲ್ಲ: ಫ್ಲೂ, ಕೋವಿಡ್ ವೈರಸ್‌ಗಳ ಹೊರಕವಚ ಕೊಬ್ಬಿನದ್ದು, ಸೋಪು ಅದನ್ನು ಒಡೆಯುತ್ತದೆ. ವಾಂತಿಭೇದಿ ತರುವ ನೊರೋವೈರಸ್‌ಗೆ ಆ ಕವಚವಿಲ್ಲ. ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ನಡೆಯುವುದಿಲ್ಲ, ಹರಿಯುವ ನೀರು ಸೋಪುಗಳೇ ಬೇಕು.

ಆ ಬಸ್ಸಿನ ಕಂಡಕ್ಟರ್‌ಗೆ ಜ್ವರ ಬಂದರೆ ಏನಾಗುತ್ತದೆ ಎಂಬುದು ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು. ಖಾಸಗಿ ಬಸ್ಸಿನಲ್ಲಿ ದುಡಿದ ದಿನಕ್ಕೆ ಮಾತ್ರ ಸಂಬಳ. ಮನೆಯಲ್ಲಿ ಉಳಿದರೆ ಬದಲಿಯವನು ಬರುತ್ತಾನೆ, ಅವನೇ ಉಳಿದುಬಿಟ್ಟಾನು ಎಂಬ ಹೆದರಿಕೆ ಬೇರೆ. ಆದ್ದರಿಂದ ಅವನು ಕೆಮ್ಮುತ್ತಲೇ ದಿನಕ್ಕೆ ಸಾವಿರ ಜನರ ಕೈಗೆ ಚಿಲ್ಲರೆ ಕೊಡುತ್ತಾನೆ. ಬೀಡಿ ಕಟ್ಟುವ ಹೆಂಗಸರಿಗೆ ಸಾವಿರ ಬೀಡಿಗೆ ಇಷ್ಟು ಎಂಬ ಮಜೂರಿ. ಜ್ವರದಲ್ಲೂ ಮನೆಯಲ್ಲೇ ಕುಳಿತು ಕಟ್ಟಬಹುದು, ಆದರೆ ಕಟ್ಟಿದ್ದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಒಪ್ಪಿಸಿ ಎಲೆ, ಹೊಗೆಸೊಪ್ಪು ತರಲು ಹೋಗಲೇಬೇಕು, ಅಲ್ಲಿ ಸಾಲಿನಲ್ಲಿ ನಿಲ್ಲಲೇಬೇಕು. ಗೇರುಬೀಜ ಕಾರ್ಖಾನೆಯಲ್ಲಿ ಸಾಲಾಗಿ ಕುಳಿತು ಸಿಪ್ಪೆ ತೆಗೆಯುವವರಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ ಕಾಯಿಲೆಯ ದಿನಗಳಿಗೆ ಸಂಬಳದ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ನಿಯಮದ ಪ್ರಕಾರ ಸಾಮಾನ್ಯವಾಗಿ ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣವಿಲ್ಲ. ಫ್ಲೂ ಅತಿ ಹೆಚ್ಚು ಹರಡುವುದು ಸರಿಯಾಗಿ ಆ ದಿನಗಳಲ್ಲಿ.

ಸರ್ಕಾರ ಈ ನಿಯಮ ಬದಲಿಸಬೇಕು ಎಂದು ಬರೆಯುವುದು ಸುಲಭ, ಬರೆಯಲೂಬೇಕು. ಅಲ್ಲಿಯವರೆಗೆ ಮನೆಗೆಲಸದವರು ಇರುವ, ಅಂಗಡಿಯಲ್ಲಿ ಇಬ್ಬರು ಹುಡುಗರು ಇರುವ, ತೋಟಕ್ಕೆ ಆಳು ಬರುವ ಪ್ರತಿಯೊಬ್ಬರೂ ಒಂದು ಸಣ್ಣ ಸರ್ಕಾರವೇ. ‘ಜ್ವರ ಬಂದರೆ ಬರಬೇಡ’ ಎನ್ನುವವರು ಬಹಳ ಮಂದಿ. ‘ಬರಬೇಡ, ಆ ಮೂರು ದಿನದ ಸಂಬಳ ಹಿಡಿಯುವುದಿಲ್ಲ’ ಎನ್ನುವವರು ಕೆಲವೇ ಮಂದಿ. ಮೊದಲ ವಾಕ್ಯದಿಂದ ವೈರಸ್‌ಗೆ ಏನೂ ಆಗುವುದಿಲ್ಲ, ಕೆಲಸದಾಕೆ ಜ್ವರವನ್ನು ಮುಚ್ಚಿಟ್ಟು ಬರುತ್ತಾಳೆ. ಪಕ್ಕದ ಮನೆಯ ಬೀಡಿಯ ಕಟ್ಟುಗಳನ್ನು ನಮ್ಮ ಮನೆಯವರು ಹೋಗುವಾಗ ಬ್ರಾಂಚಿಗೆ ಒಯ್ದು ಕೊಟ್ಟರೆ ಅದೂ ಸಾಂಕ್ರಾಮಿಕ ತಡೆಯುವ ಕೆಲಸವೇ, ಯಾವ ಭಿತ್ತಿಪತ್ರದಲ್ಲೂ ಅದನ್ನು ಬರೆದಿರುವುದಿಲ್ಲ.

ಮುಚ್ಚಿಡುವ ಮಾತು ಬಂತು. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡ ಒಬ್ಬ ವೃದ್ಧೆಯ ಅಂತ್ಯಸಂಸ್ಕಾರಕ್ಕೆ ಮಂಗಳೂರಿನ ಸುತ್ತಮುತ್ತ ಸ್ಥಳೀಯರು ಅಡ್ಡಬಂದರು. ಕೊನೆಗೆ ರಾತ್ರಿ ಬಂಟ್ವಾಳದ ಕಡೆ, ಅಲ್ಲಿಯೂ ವಿರೋಧದ ನಡುವೆ, ಸಂಸ್ಕಾರ ನಡೆಯಿತು. ಉಸಿರಾಡದ ದೇಹ ಕೆಮ್ಮುವುದಿಲ್ಲ. ಉರಿಯುವ ಚಿತೆಯ ಹೊಗೆಯಲ್ಲಿ ವೈರಸ್ ಬದುಕುವುದಿಲ್ಲ. ಆದರೆ ಆ ರಾತ್ರಿಯ ಸುದ್ದಿಯನ್ನು ಓದಿದ ಎಷ್ಟು ಮನೆಗಳಲ್ಲಿ ಕೆಮ್ಮಿದವರು ಬಾಯಿ ಮುಚ್ಚಿಕೊಂಡಿದ್ದಾರು? ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ‘ಮನೆಯಲ್ಲಿ ಯಾರಿಗಾದರೂ ಜ್ವರವಿದೆಯೇ’ ಎಂದಾಗ ‘ಇಲ್ಲ’ ಎನ್ನುವುದು ಕೆಟ್ಟತನದಿಂದಲ್ಲ, ಊರಿನ ಭಯದಿಂದ. ಅದೇ ತಿಂಗಳುಗಳಲ್ಲಿ ಕೇರಳದ ಕಡೆಯ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಪ್ರಾಣ ಬಿಟ್ಟ ವರದಿಗಳು ಬಂದವು. ರಸ್ತೆಗೆ ಮಣ್ಣು ಸುರಿಯುವುದು ದೊಡ್ಡ ಕ್ರಮದಂತೆ ಕಾಣುತ್ತದೆ, ಟಿ.ವಿ.ಯಲ್ಲಿ ತೋರಿಸಲೂ ಬರುತ್ತದೆ. 2025ರ ಜನವರಿಯಲ್ಲಿ ದುಬೈನಿಂದ ಮಂಗಳೂರಿಗೆ ಬಂದಿಳಿದ ಒಬ್ಬರಲ್ಲಿ ಮಂಕಿಪಾಕ್ಸ್ ದೃಢಪಟ್ಟಾಗಲೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿದ ಮೊದಲ ಪ್ರಶ್ನೆ ‘ಯಾರು? ಯಾವ ಊರು?’ ಎಂಬುದೇ. ಹೆಸರು ಗೊತ್ತಾಗಿ ನಮಗೇನೂ ಆಗಬೇಕಾಗಿರಲಿಲ್ಲ. ಹೆಸರು ಹೊರಬಿದ್ದರೆ ಮುಂದಿನ ರೋಗಿ ಆಸ್ಪತ್ರೆಗೆ ಬರುವುದನ್ನು ನಾಲ್ಕು ದಿನ ತಡಮಾಡುತ್ತಿದ್ದ.

ವಿಚಿತ್ರವೆಂದರೆ, ಬಾರದವರನ್ನು ಕ್ಷಮಿಸುವ ಒಂದು ತಿಂಗಳನ್ನು ನಮ್ಮ ಹಿರಿಯರು ಇಟ್ಟುಕೊಂಡಿದ್ದರು. ಪತ್ತನಾಜೆ (ತುಳುನಾಡಿನ ಉತ್ಸವಗಳು ಮುಗಿಯುವ ದಿನ) ಕಳೆದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಜುಲೈ ಮಧ್ಯದಿಂದ ತುಳುವರ ಆಟಿ ತಿಂಗಳು. ಆಟಿಯಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಊರಿನ ಮಾರಿಯನ್ನು ಕಳೆಯಲು ಆಟಿ ಕಳೆಂಜ ಎಂಬ ವೇಷಧಾರಿ ತಾಳೆಗರಿಯ ಕೊಡೆ ಹಿಡಿದು ಮನೆಮನೆಗೆ ಬರುತ್ತಾನೆ, ಅಮಾವಾಸ್ಯೆಯ ಬೆಳಿಗ್ಗೆ ಹಾಲೆಮರದ ಕೆತ್ತೆಯ ಕಷಾಯ ಕುಡಿಯುತ್ತೇವೆ. ಕಷಾಯ ವೈರಸ್ ಕೊಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಆಟಿಯನ್ನು ಸೋಂಕು ತಡೆಯಲೆಂದೇ ಕಟ್ಟಿದರು ಎಂಬ ವಾಟ್ಸ್‌ಆ್ಯಪ್ ವಿಜ್ಞಾನವೂ ನನಗೆ ಬೇಡ. ಜಡಿಮಳೆಯಲ್ಲಿ ಹೊಲದ ಕೆಲಸ ಮುಗಿದು ಕಣಜ ಖಾಲಿಯಾದ ತಿಂಗಳದು, ಸಂಭ್ರಮಕ್ಕೆ ಅಕ್ಕಿಯೇ ಇರಲಿಲ್ಲ. ಆದರೂ ಕರೆಯದಿದ್ದರೆ ಬೇಸರವಿಲ್ಲ, ಬಾರದಿದ್ದರೆ ಮುನಿಸಿಲ್ಲ ಎಂಬ ಒಪ್ಪಂದ ಸಾಧ್ಯವೆಂದು ಆ ತಿಂಗಳು ತೋರಿಸುತ್ತದೆ.

ಇಲ್ಲೊಂದು ಎಚ್ಚರಿಕೆ. ದೂರ ನಿಲ್ಲುವ ಮಾತೆತ್ತಿದರೆ ‘ನಮ್ಮ ಮಡಿ ಇದನ್ನೇ ಹೇಳಿತ್ತು’ ಎಂದು ಹಿಗ್ಗುವವರಿದ್ದಾರೆ, ಕೋವಿಡ್ ಕಾಲದಲ್ಲಿ ಅವರಿಗೆ ಹಬ್ಬವಾಗಿತ್ತು. ಮಡಿ ಮನುಷ್ಯರನ್ನು ಹುಟ್ಟು ನೋಡಿ ಜೀವನಪೂರ್ತಿ ಹೊರಗೆ ನಿಲ್ಲಿಸಿತು. ಕಾಯಿಲೆಯವರು ನಾಲ್ಕು ದಿನ ದೂರವಿರುವಾಗ ಅವರ ಬಾಗಿಲಿಗೆ ಗಂಜಿ, ಮಾತ್ರೆ ತಲುಪಿಸುವುದು ಆ ದೂರದ್ದೇ ಒಂದು ಭಾಗ. ಗಂಜಿ ತಲುಪದಿದ್ದರೆ ಅದು ಬರೀ ಬಹಿಷ್ಕಾರ.

ಅರವತ್ತೈದು ದಾಟಿದವರು, ಬಸುರಿಯರು, ಸಕ್ಕರೆ ಕಾಯಿಲೆ, ಉಬ್ಬಸ, ಹೃದ್ರೋಗ ಇರುವವರು ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದನ್ನು ವೈದ್ಯರಲ್ಲಿ ಕೇಳಬೇಕು. ಮಕ್ಕಳ ಸರ್ಕಾರಿ ಲಸಿಕಾ ಪಟ್ಟಿಯಲ್ಲಿ ಅದಿಲ್ಲ, ಹೆಚ್ಚಿನವರು ಹಣ ಕೊಟ್ಟೇ ಹಾಕಿಸಿಕೊಳ್ಳಬೇಕು. ವೈರಸ್ ವರ್ಷವರ್ಷ ವೇಷ ಬದಲಿಸುವುದರಿಂದ ಹಳೆಯ ಲಸಿಕೆ ಹೊಸ ವರ್ಷಕ್ಕೆ ನಡೆಯುವುದಿಲ್ಲ. ಲಸಿಕೆ ಹಾಕಿಸಿಕೊಂಡರೂ ಫ್ಲೂ ಬರಬಹುದು. ಆಸ್ಪತ್ರೆ ಸೇರುವ ಸಂಭವ ಕಡಿಮೆಯಾಗುತ್ತದೆ. ನನ್ನ ದೊಡ್ಡಮ್ಮ ಈಗ ಪ್ರತಿವರ್ಷ ಮಳೆಗೆ ಮೊದಲೇ ಹಾಕಿಸಿಕೊಳ್ಳುತ್ತಾರೆ.

ಆ ದೊಡ್ಡಮ್ಮನ ಮೊಮ್ಮಗಳ ಮದುವೆ ಈ ವರ್ಷ ನಡೆಯಿತು. ಕಾಗದ ಅಚ್ಚಿಗೆ ಹೋಗುವ ಮೊದಲು ಕರಡು ನೋಡಲು ಅವರ ಮಗ ನನ್ನನ್ನು ಕರೆದಿದ್ದ. ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಹಾಕೋಣ ಎಂದೆ: ‘ಜ್ವರ, ಕೆಮ್ಮು ಇರುವವರು ಬಾರದಿದ್ದರೆ ನಮಗೆ ಬೇಸರವಿಲ್ಲ.’ ಅವನು ಹೌಹಾರಿದ. ‘ಹೀಗೆ ಹಾಕಿದರೆ ಬರುವುದೇ ಬೇಡ ಎಂದಂತಾಗುವುದಿಲ್ಲವೇ? ನಾಳೆ ನಮ್ಮ ಕಡೆಯ ಕುರ್ಚಿ ಖಾಲಿ ಕಂಡರೆ ಬೀಗರು ಏನೆಂದಾರು?’ ಎಂದು ಕೇಳಿದ. ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ. ಕಾಗದ ಆ ಸಾಲಿಲ್ಲದೆಯೇ ಅಚ್ಚಾಯಿತು.

ಮದುವೆಯ ಹಿಂದಿನ ದಿನ ಮದರಂಗಿಯ ಗದ್ದಲದ ನಡುವೆ ಅವನು ಒಂದು ಮೂಲೆಯಲ್ಲಿ ಫೋನ್ ಹಿಡಿದು ನಿಂತಿದ್ದ. ಆ ಕಡೆಯಲ್ಲಿ ಇದ್ದವರು ನನ್ನ ಭಾವ; ಮತ್ತೆ ಗಂಟಲು ಕೆಟ್ಟಿತ್ತಂತೆ, ಆದರೂ ಧಾರೆಗೆ ಬಂದೇ ಬರುತ್ತೇನೆ ಎನ್ನುತ್ತಿದ್ದರು. ‘ಬೇಡ ಭಾವ, ಅಮ್ಮ ಮುಂದಿನ ಸಾಲಿನಲ್ಲೇ ಕುಳಿತಿರುತ್ತಾರೆ’ ಎಂದು ಇವನು ಎರಡು ಸಲ ಹೇಳಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೋಳಿಗೆ ನಾನೇ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತೇನೆ. ಎಷ್ಟು ಬೇಕು ಹೇಳಿ’ ಎಂದು ಕೇಳಿದ.